ಬಿಡೋರ್‌ನಲ್ಲಿ ಇಳಿಯೋದಾ, ಕಂಪಾರ್‌ವರೆಗೆ ಹೋಗೋದಾ?

ಮಲೇಷ್ಯಾದ ಕೌಲಾಲಂಪುರದಿಂದ ಇಪೋ ನಗರಕ್ಕೆ ಕಾರಿನಲ್ಲಿ ಎರಡು ಗಂಟೆಗೆ ಮೇಲೆ ಸ್ವಲ್ಪ. ಹೈವೇ ಕ್ಯಾಂಟೀನಿನ ಊಟ ಬೇಸರವಾದವರು ಪೆರಾಕ್ ರಾಜ್ಯದ ಎರಡು ಸಣ್ಣ ಊರುಗಳಲ್ಲಿ ಒಂದಕ್ಕೆ ಕಾರು ತಿರುಗಿಸುತ್ತಾರೆ. ಮೊದಲು ಸಿಗೋದು ಬಿಡೋರ್, ತಾಪಾ ದಾಟಿದ ಮೇಲೆ ಕಂಪಾರ್. ಎರಡೂ ಕಡೆ ಎಷ್ಟೋ ಸಲ ಉಂಡಿದ್ದೇನೆ, ಒಂದೆರಡು ಸಲ ಪೇಚಿಗೂ ಸಿಕ್ಕಿದ್ದೇನೆ.

ಬಿಡೋರ್‌ನ ದೊಡ್ಡ ಅನುಕೂಲ ಅಂದರೆ ಹೈವೇ ಬಿಟ್ಟು ಐದು ನಿಮಿಷಕ್ಕೆ ಊಟದ ಟೇಬಲ್. ಇಲ್ಲಿ ಹೆಸರಾದದ್ದು ಬಾತುಕೋಳಿ ನೂಡಲ್ಸ್. ಪುನ್ ಚುನ್ ಹೋಟೆಲಿಗೆ ಜನ ಅದಕ್ಕೇ ಬರುತ್ತಾರೆ. ಬೇರು, ಕೆಂಪು ಖರ್ಜೂರದಂಥ ಹಣ್ಣು ಹಾಕಿ ಗಂಟೆಗಟ್ಟಲೆ ಕುದಿಸಿದ ಕಪ್ಪು ಸಾರು, ಅದರಲ್ಲಿ ಇಡೀ ತೊಡೆ. ಮೊದಲ ಗುಟುಕಿಗೆ ಗ್ರಂಥಿಗೆ ಅಂಗಡಿಯ ಬಾಗಿಲಲ್ಲಿ ನಿಂತ ಹಾಗಾಯಿತು. ಇದೇನು ಊಟವೋ ಕಷಾಯವೋ ಅಂದುಕೊಂಡೆ. ಮೂರನೆಯ ಗುಟುಕಿಗೆ ನಾಲಗೆ ರಾಜಿಯಾಯಿತು. ಚಾಪ್‌ಸ್ಟಿಕ್ ತಾಗಿಸಿದರೆ ಮಾಂಸ ಮೂಳೆ ಬಿಟ್ಟು ಜಾರುತ್ತಿತ್ತು. ಈಗ ಬಟ್ಟಲೆತ್ತಿ ಕುಡಿದೇ ಏಳೋದು.

ಕಂಪಾರ್ ಉತ್ತರ ಕೊಡೋದು ಬ್ರೆಡ್ಡಿನಿಂದ. ತಲೆದಿಂಬಿನಷ್ಟು ದಪ್ಪ ಬನ್ನು ಬರುತ್ತದೆ. ಕತ್ತರಿಯಿಂದ ಸೀಳಿದರೆ ಒಳಗೆ ಕಾಗದದ ಪೊಟ್ಟಣ, ಅದರೊಳಗೆ ಆಲೂಗಡ್ಡೆ ಹಾಕಿದ ಕೋಳಿ ಕರ್ರಿ, ಹೊಗೆಯಾಡುತ್ತಾ. ತಮಾಷೆ ಇದೆ, ನಾಲ್ಕು ಜನಕ್ಕೆ ಒಂದು ಸಾಕು. ಆದರೆ ಕೋರಿ ರೊಟ್ಟಿ ತಿಂದು ಬೆಳೆದವನಿಗೆ ಆ ಕರ್ರಿ ಸಪ್ಪೆ, ಬ್ರೆಡ್ಡು ಸಿಹಿ. ಊಟದ ಮಟ್ಟಿಗೆ ನನ್ನ ವೋಟು ಬಾತುಕೋಳಿಗೇ.

ಬಿಸ್ಕತ್ತಿನ ಮಾತು ಬೇರೆ. 'ಕೋಳಿಮರಿ ಬಿಸ್ಕತ್ತು' ಎರಡೂ ಊರಲ್ಲಿ ಸಿಗುತ್ತದೆ, ಹೆಚ್ಚು ಹೆಸರು ಕಂಪಾರ್‌ನದು. ಕೋಳಿ ಅದರಲ್ಲಿಲ್ಲ. ಎಳ್ಳು, ಹುದುಗು ಹಿಡಿಸಿದ ಸೋಯಾ ಗಿಣ್ಣು, ಸಕ್ಕರೆಪಾಕದ ಬೂದುಗುಂಬಳ, ಎಲ್ಲ ಸೇರಿ ಉಪ್ಪು-ಸಿಹಿ ಗರಿಗರಿ. ಊರಿಂದ ಬಂದಿದ್ದ ಅಮ್ಮನಿಗೆ "ಕೋಳಿ ಇಲ್ಲಮ್ಮ, ಹೆಸರು ಮಾತ್ರ" ಅಂತ ನಾಲ್ಕು ತಿನ್ನಿಸಿದೆ. ಹಂದಿಕೊಬ್ಬು ಹಾಕುತ್ತಾರೆ ಅಂತ ಗೊತ್ತಾದದ್ದು ಆಮೇಲೆ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಸಸ್ಯಾಹಾರಿಗಳು ಎರಡೂ ಊರಲ್ಲಿ ತಮಿಳರ ಹೋಟೆಲ್ ಹುಡುಕಿಕೊಂಡು ದೋಸೆ ತಿನ್ನೋದು ಕ್ಷೇಮ.

ನೋಡೋದಕ್ಕೆ ಬಿಡೋರ್‌ನಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. ಕಂಪಾರ್‌ನಲ್ಲಿ ಅರ್ಧ ದಿನ ಸಾಲದು. ಇದು ತವರದ ಗಣಿಗಳಿಂದ ಬೆಳೆದ ಊರು. 1985ರಲ್ಲಿ ತವರದ ಬೆಲೆ ಕುಸಿದ ಮೇಲೆ ಗಣಿಗಳು ಮುಚ್ಚಿದವು, ತೋಡಿದ ಗುಂಡಿಗಳು ಕೆರೆಗಳಾಗಿ ಉಳಿದವು. ಕಿಂತಾ ತವರ ಗಣಿ ಮ್ಯೂಸಿಯಂನಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು 'ದುಲಾಂಗ್' ಎದುರು. ಅಗಲವಾದ ಮರದ ತಟ್ಟೆ ಅದು, ನಮ್ಮ ಮರಿಗೆಯ ಹಾಗೆ. ಹೆಂಗಸರು ಹೊಳೆ ನೀರಲ್ಲಿ ಬಗ್ಗಿ ನಿಂತು ಅದನ್ನು ತಿರುಗಿಸುತ್ತಿದ್ದರು. ಮರಳು ಹಗುರ, ಕೊಚ್ಚಿ ಹೋಗುತ್ತಿತ್ತು. ತವರದ ಅದಿರು ಭಾರ, ತಳದಲ್ಲಿ ಕೂರುತ್ತಿತ್ತು. ಅಕ್ಕಿ ಗಾಳಿಸೋದು ನೋಡಿದವರಿಗೆ ವಿವರಣೆಯೇ ಬೇಡ.

ಊರಾಚೆಯ ಗ್ರೀನ್ ರಿಜ್ ದಿಬ್ಬ ಹತ್ತಿದರೆ ಸೊಳ್ಳೆ ಗ್ಯಾರಂಟಿ. ಆದರೂ ಹತ್ತಿ. 1941ರ ಡಿಸೆಂಬರ್ 30ರಿಂದ ನಾಲ್ಕು ದಿನ ಜಪಾನೀಯರನ್ನು ಇಲ್ಲಿ ತಡೆದು ನಿಲ್ಲಿಸಿದ್ದು ಬ್ರಿಟಿಷ್ ಕಡೆಯ 11ನೇ ಇಂಡಿಯನ್ ಡಿವಿಷನ್. ಜನವರಿ 2ರಂದು ಸಿಖ್ ತುಕಡಿಯೊಂದು ಬಂದೂಕಿಗೆ ಬಯೊನೆಟ್ ಸಿಕ್ಕಿಸಿಕೊಂಡು ಎದುರು ನುಗ್ಗಿತ್ತು. ಈಗ ಅಲ್ಲಿ ಬರೀ ಕಾಡು.

ಹಾಗಾಗಿ ಈಚೆಗೆ ಹೋಗುವಾಗ ಕಂಪಾರ್, ಬರುವಾಗ ಬಿಡೋರ್. ಬಿಡೋರ್‌ನ ಸೀಬೆಹಣ್ಣು ಬಹಳ ದೊಡ್ಡದು, ಗರಿಗರಿ. ಹುಳಿ-ಉಪ್ಪಿನ ಪ್ಲಮ್ ಪುಡಿ ಅದ್ದಿ ತಿನ್ನಬೇಕು. ನಾನು ಮಾತ್ರ ಮನೆಯಿಂದ ಉಪ್ಪು-ಖಾರದ ಡಬ್ಬಿ ಒಯ್ಯುತ್ತೇನೆ. ರಸ್ತೆಬದಿ ನೇತುಹಾಕಿದ, ಅವರೆಯಂಥ ಪೆಟಾಯಿ ಕಾಯಿಯ ಕಟ್ಟನ್ನು ಕೊನೆಯಲ್ಲೇ ಕೊಳ್ಳಿ. ಡಿಕ್ಕಿಯಲ್ಲಿ ಎರಡು ಕವರು ಸುತ್ತಿಟ್ಟರೂ ವಾಸನೆ ಮುಂದಿನ ಸೀಟಿಗೆ ಬಂದು ಕೂರುತ್ತದೆ, ನನ್ನವಳು ಕಿಟಕಿ ಇಳಿಸುತ್ತಾಳೆ.