ಮಲ್ಲೇಶ್ವರದ ಟೆರೇಸ್ ಮನೆ, ಕಾರಿಲ್ಲದ ಒಂದು ವರ್ಷ

ಟು-ಲೆಟ್ ಬೋರ್ಡಲ್ಲಿ ಪೆಂಟ್‌ಹೌಸ್ ಅಂತ ಇತ್ತು. ಅಂದ್ರೆ ಮೂರನೇ ಮಹಡಿ ಟೆರೇಸ್ ಮೇಲೆ ಕಟ್ಟಿರೋ ಸಿಂಗಲ್ ಬೆಡ್‌ರೂಮ್ ಮನೆ, ಲಿಫ್ಟ್ ಇಲ್ಲ, ಪಾರ್ಕಿಂಗ್ ಇಲ್ಲ, ಆದ್ರೆ ಮುಂದೆ ತುಳಸಿ ಕುಂಡ ಇಟ್ಟು ಹಪ್ಪಳ ಒಣಗಿಸುವಷ್ಟು ಜಾಗ ಇದೆ. ಪಾರ್ಕಿಂಗ್ ಇಲ್ಲ ಅಂತಾನೇ ಕಾರು ಮಾರಿಬಿಟ್ಟು ಬಂದ್ವಿ. ಮುಂಚೆ ಸರ್ಜಾಪುರ ರೋಡ್ ಕಡೆ ಇದ್ದಾಗ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಗಾಡಿ ತೆಗೀಬೇಕಿತ್ತು, ಇಲ್ಲಿ ಎಂಟನೇ ಕ್ರಾಸಿಗೆ ಚಪ್ಪಲಿ ಮೆಟ್ಕೊಂಡು ಹೋದ್ರೆ ಹೂವು, ಬಾಳೆಎಲೆ, ಸೊಗಡಿನ ಅವರೆಕಾಯಿ ಎಲ್ಲಾ ಸಿಗುತ್ತೆ, ಬರ್ತಾ ಮಾರ್ಗೋಸಾ ರೋಡಲ್ಲಿ ಸಿಟಿಆರ್ ಹೋಟೆಲಿನ ಬೆಣ್ಣೆ ದೋಸೆ ತಿಂದ್ಕೊಂಡೇ ಬರಬಹುದು. 1898ರ ಪ್ಲೇಗ್ ಆದ್ಮೇಲೆ ಕಟ್ಟಿದ ಬಡಾವಣೆ ಇದು, ಜನ ನಡ್ಕೊಂಡು ಓಡಾಡ್ತಿದ್ದ ಕಾಲದ ನಕ್ಷೆ, ಅದಕ್ಕೇ ಕ್ರಾಸ್‌ಗಳು ಅಷ್ಟು ಹತ್ತಿರ ಹತ್ತಿರ. ಕಾರು ಬಿಟ್ಟು ಬದುಕೋಕೆ ಮನೆ ಹುಡುಕೋರು ಮೊದಲು ಹೀಗೆ ನಡ್ಕೊಂಡೇ ಓಡಾಡೋಕಾಗುತ್ತಾ ಅಂತ ನೋಡಿ ಅಂತೀನಿ, ಮನೆ ಎಷ್ಟು ಚದರ ಅನ್ನೋದು ಆಮೇಲೆ.

ನನ್ನ ಆಫೀಸು ವೈಟ್‌ಫೀಲ್ಡ್ ಕಡೆಯ ಐಟಿಪಿಎಲ್ ಟೆಕ್ ಪಾರ್ಕ್ ಹತ್ರ. ಸಂಪಿಗೆ ರೋಡ್ ಮೆಟ್ರೋ ಸ್ಟೇಷನ್ನಿಗೆ ಹತ್ತು ನಿಮಿಷ ನಡೆದು ಹಸಿರು ಲೈನ್ ಹತ್ತಿದ್ರೆ ಮುಂದಿನ ಸ್ಟಾಪೇ ಮೆಜೆಸ್ಟಿಕ್, ಅಲ್ಲಿ ನೇರಳೆ ಲೈನಿಗೆ ಬದಲಾಯಿಸಿ ಪಟ್ಟಂದೂರು ಅಗ್ರಹಾರದಲ್ಲಿ ಇಳೀತೀನಿ. ಬೈಯಪ್ಪನಹಳ್ಳಿಯಿಂದ ಕೆ.ಆರ್.ಪುರದ ತನಕ ಬಾಕಿ ಇದ್ದ ತುಂಡು 2023ರ ಅಕ್ಟೋಬರ್ 9ಕ್ಕೆ ಶುರು ಆಗದೇ ಇದ್ದಿದ್ರೆ ಈ ಯೋಚನೆಯೇ ಬರ್ತಿರಲಿಲ್ಲ. ಮುಂಚೆಗಿಂತ ದೂರ ಜಾಸ್ತಿನೇ, ಆದ್ರೆ ಎಷ್ಟೊತ್ತಿಗೆ ತಲುಪ್ತೀನಿ ಅಂತ ಮನೆ ಬಿಡುವಾಗಲೇ ಹೇಳಬಹುದು, ಹೊರವರ್ತುಲ ರಸ್ತೇಲಿ ಮಳೆಗೆ ಸಿಕ್ಕಾಕ್ಕೊಂಡಿರೋರಿಗೆ ಇದರ ಬೆಲೆ ಗೊತ್ತು. 2025ರ ಫೆಬ್ರವರಿಲಿ ಗರಿಷ್ಠ ಟಿಕೆಟ್ 60 ಇದ್ದಿದ್ದು 90 ಆಯ್ತು, ಅದು ಜಾಸ್ತಿ ಅಂತ ನನಗೂ ಅನ್ಸುತ್ತೆ. ಆದ್ರೂ ಕಾರಿನ ಇಎಂಐ, ಇನ್ಶೂರೆನ್ಸ್, ಪೆಟ್ರೋಲು, ಸರ್ವೀಸು ಎಲ್ಲಾ ಕೂಡಿಸಿದ್ರೆ ಮೆಟ್ರೋ ಖರ್ಚು ಅದರ ಹತ್ತಿರಕ್ಕೂ ಬರಲ್ಲ. ನನ್ನ ಹೆಂಡತಿಗೆ ಶಕ್ತಿ ಯೋಜನೆಯಿಂದ ಬಿಎಂಟಿಸಿ ಸಾದಾ ಬಸ್ಸು ಫ್ರೀ. ರಾತ್ರಿ ಹನ್ನೊಂದರ ಮೇಲೆ ಆಟೋನೇ ಗತಿ, ಆ ದುಡ್ಡು ತಿಂಗಳಿಗೆ ಅಂತ ಎತ್ತಿಟ್ಟಿರ್ತೀವಿ.

ಮನೆ ಬಗ್ಗೆ ಹೇಳಬೇಕಂದ್ರೆ ಬೇಸಿಗೆ ಕಷ್ಟ. ಏಪ್ರಿಲಲ್ಲಿ ತಾರಸಿ ಕಾದು ರಾತ್ರಿ ಹತ್ತಾದ್ರೂ ಗೋಡೆ ಮುಟ್ಟಿದ್ರೆ ಬೆಚ್ಚಗಿರುತ್ತೆ, ಓನರ್ ಹತ್ರ ಕೇಳಿ ನಾವೇ ಮೇಲೆ ಬಿಳಿ ಕೂಲ್ ಪೇಂಟ್ ಹೊಡ್ಸಿದ್ವಿ, ಸ್ವಲ್ಪ ವಾಸಿ. ಸಿಲಿಂಡರ್ ತರೋ ಹುಡುಗನಿಗೆ ಮೂರು ಮಹಡಿ ಹತ್ತಿಸಿದ್ದಕ್ಕೆ ಮೇಲೆ ಸ್ವಲ್ಪ ದುಡ್ಡು ಕೈಗೆ ಕೊಡ್ತೀವಿ, ಕೊಡಬೇಕು ಕೂಡ. ಫುಟ್‌ಪಾತ್ ಸಂಪಿಗೆ ರೋಡಲ್ಲಿ ಹೆಸರಿಗಷ್ಟೇ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಂತೂ ರಸ್ತೇಲೇ ನಡೀಬೇಕು.

ನನಗೆ ನಿಜವಾಗ್ಲೂ ನೋವಾಗೋದು ಒಂದೇ ವಿಷಯ. ತಿಪಟೂರಿಂದ ಅಪ್ಪ ಒಂದ್ಸಲ ಬಂದ್ರು, ಮಂಡಿ ನೋವು, ಪ್ರತಿ ಮಹಡೀಲೂ ಕೂತು ಕೂತು ಹತ್ತಿದ್ರು, ಮೇಲೆ ಬಂದು ಗಾಳಿಗೆ ನಿಂತು ಜಾಗ ಚೆನ್ನಾಗಿದೆ ಕಣೋ ಅಂದ್ರು, ಆಮೇಲೆ ಬಂದಿಲ್ಲ. ಈಗ ತಿಂಗಳಿಗೊಂದ್ಸಲ ನಾವೇ ಮೆಜೆಸ್ಟಿಕ್ಕಿಂದ ರೈಲಲ್ಲಿ ಹೋಗ್ತೀವಿ. ಮುಂಚೆ ಡಿಕ್ಕಿ ತುಂಬಾ ತೆಂಗಿನಕಾಯಿ ತರ್ತಿದ್ವಿ, ಈಗ ಅಪ್ಪ ಸುಲಿದು ಜುಟ್ಟು ಬಿಟ್ಟು ಬ್ಯಾಗಿಗೆ ಹತ್ತು ಹಾಕಿಕೊಡ್ತಾರೆ.

ಮನೇಲಿ ವಯಸ್ಸಾದೋರು ಇದ್ರೆ ಇಂಥದ್ದು ಬೇಡ, ಅದೇ ಏರಿಯಾದಲ್ಲಿ ನೆಲಮಹಡಿ ಹುಡುಕಿ, ಬಾಡಿಗೆ ಜಾಸ್ತಿ ಆದ್ರೂ ಪರವಾಗಿಲ್ಲ. ಗಂಡ ಹೆಂಡತಿ ಇಬ್ಬರೇ ಆದ್ರೆ ಧೈರ್ಯವಾಗಿ ತಗೊಳ್ಳಿ, ಆದ್ರೆ ಮನೆ ನೋಡೋಕೆ ಸಂಜೆ ತಂಪಲ್ಲಿ ಬೇಡ, ಮಧ್ಯಾಹ್ನ ಮೂರು ಗಂಟೆಗೆ ಹೋಗಿ, ಸ್ಟೇಷನ್ನಿಂದ ನಡ್ಕೊಂಡೇ ಹೋಗಿ.