ಬಾನ್ಫ್ ಆಯ್ತಲ್ಲ, ಇದನ್ನೂ ನೋಡಿ: ಹೆಡ್ ಸ್ಮ್ಯಾಶ್ಡ್ ಇನ್ ಬಫಲೋ ಜಂಪ್

ನಮ್ಮ ಬದಿಯಡ್ಕ, ಕುಂಬಳೆ, ಪೆರ್ಲ ಕಡೆಯಿಂದ ಕೆನಡಾದ ಕ್ಯಾಲ್ಗರಿಗೆ ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರನ್ನೆಲ್ಲ ಸೀದಾ ಬಾನ್ಫಿಗೆ ಕರ್ಕೊಂಡು ಹೋಗಿ ಕೆರೆ ಎದುರು ನಿಲ್ಲಿಸಿ ಫೋಟೋ ತೆಗೆದು ವಾಪಸ್ ತರ್ತಾರೆ. ಇರ್ಲಿ. ಇನ್ನೊಂದು ದಿನ ದಕ್ಷಿಣಕ್ಕೆ ಹೆಚ್ಚುಕಡಿಮೆ ಎರಡು ಗಂಟೆ ಕಾರಲ್ಲಿ ಹೋಗಿ, ಫೋರ್ಟ್ ಮೆಕ್ಲೌಡ್ ಪೇಟೆಯಿಂದ 18 ಕಿ.ಮೀ. ಆಚೆಗೆ ಈ ಜಾಗ ಉಂಟು. ಅಲ್ಲಿಯ ಮೂಲನಿವಾಸಿಗಳು ಬಫಲೋ, ಅಂದ್ರೆ ನಮ್ಮ ಎಮ್ಮೆಯಲ್ಲ, ಬೈಸನ್ ಎಂಬ ಕಾಡುದನದ ಮಂದೆಯನ್ನು ಕಡಿದಾದ ಬಂಡೆಯಿಂದ ಕೆಳಗೆ ಬೀಳಿಸಿ ಬೇಟೆಯಾಡ್ತಿದ್ದ ಜಾಗ ಇದು. 1981ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದ್ದು.

ಮೊದಲೇ ಹೇಳ್ತೇನೆ, ಬಂಡೆ ನೋಡಿದ್ರೆ "ಇಷ್ಟಕ್ಕಾ ಬಂದದ್ದು" ಅನ್ನಿಸ್ತದೆ. ಹತ್ತು ಮೀಟರ್ ಚಿಲ್ಲರೆ, ಬೆಳೆದ ಕಂಗಿನಷ್ಟೂ ಇಲ್ಲ. ಆದ್ರೆ ಕೆಳಗೆ ಎಲುಬು ಮಣ್ಣು ಬಿದ್ದು ಬಿದ್ದು ತುಂಬಿದ ರಾಶಿಯೇ ಹತ್ತು ಮೀಟರ್ ಆಳ ಉಂಟಂತೆ, ಸುಮಾರು 6000 ವರ್ಷದ್ದು ಮಾರಾಯ್ರೇ!

ನಂಗೆ ತಲೆ ತಿರುಗಿದ್ದು ಆ ಬೇಟೆಗಾರರ ಪ್ಲಾನ್ ಕೇಳಿ. ಕುದುರೆ ಆ ಕಡೆ ಬಂದದ್ದೇ 18ನೇ ಶತಮಾನದಲ್ಲಿ, ಅಲ್ಲಿವರೆಗೆ ಎಲ್ಲ ಕಾಲ್ನಡಿಗೆ. ಬಂಡೆಯ ಹಿಂದೆ ದೊಡ್ಡ ಹುಲ್ಲುಗಾವಲು, ಅಲ್ಲಿಂದ ಬಂಡೆ ತನಕ ಕಿಲೋಮೀಟರ್‌ಗಟ್ಟಲೆ ಸಣ್ಣ ಸಣ್ಣ ಕಲ್ಲುರಾಶಿಯ ಸಾಲು. ಒಬ್ಬ ಕರುವಿನ ತೊಗಲು ಹೊದ್ದು ತಾಯಿ ತಪ್ಪಿದ ಕರುವಿನ ಹಾಗೆ ಕೂಗ್ತಾ ಮುಂದೆ ಹೋಗ್ತಾನೆ, ಇನ್ನು ಕೆಲವರು ತೋಳದ ತೊಗಲಲ್ಲಿ ಹಿಂದೆ ಬದಿಯಲ್ಲಿ, ಮಂದೆ ಮೆಲ್ಲ ಸಾಲಿನೊಳಗೆ ಬಂದ ಮೇಲೆ ಎಲ್ಲರೂ ಎದ್ದು ಬೊಬ್ಬೆ. ಮುಂದಿದ್ದದ್ದಕ್ಕೆ ಬಂಡೆಯ ಅಂಚು ಕಂಡ್ರೂ ನಿಲ್ಲಲಿಕ್ಕೆ ಆಗುದಿಲ್ಲ, ಹಿಂದಿನದ್ದು ದೂಡ್ತದೆ.

ಇದನ್ನೆಲ್ಲ ಹೇಳಿದ್ದು ಅಲ್ಲಿಯ ಮೂಲನಿವಾಸಿಗಳಾದ ಬ್ಲ್ಯಾಕ್‌ಫುಟ್ ಜನಾಂಗದ್ದೇ ಗೈಡ್ ಹೆಂಗಸು. ಕೆಳಗಿನಿಂದ ನೋಡ್ಬೇಕು ಅಂತ ಬಂಡೆ ಅಡಿಯಲ್ಲಿ ನಿಂತ ಹುಡುಗ ಬಿದ್ದ ಮಂದೆಗೆ ಸಿಕ್ಕಿ ತಲೆ ಜಜ್ಜಿ ಹೋದ ಕತೆ ಹೇಳುವಾಗ ಎರಡು ಅಂಗೈ ಮೆಲ್ಲ ಒಟ್ಟು ಮಾಡಿ ತೋರಿಸಿದ್ರು, ನಮ್ಮ ಬ್ಯಾಚಲ್ಲಿ ಯಾರಿಗೂ ಉಸಿರಿಲ್ಲ. ನಾನು ಶುದ್ಧ ಸಸ್ಯಾಹಾರಿ, ಆದ್ರೂ ಎಲುಬಿನ ಕೊಬ್ಬು ತೆಗೆಯುವ ವಿವರ ಬಾಯಿಬಿಟ್ಟು ಕೇಳಿದೆ. ಹೊಂಡಕ್ಕೆ ತೊಗಲು ಹಾಸಿ ನೀರು ಹೊಯ್ದು ಕಾದ ಕಲ್ಲು ಹಾಕಿ ಕುದಿಸುದು, ಮೇಲೆ ತೇಲಿದ ಕೊಬ್ಬನ್ನು, ಒಣಗಿಸಿ ಕುಟ್ಟಿದ ಮಾಂಸಕ್ಕೂ ಕಾಡುಹಣ್ಣಿಗೂ ಸೇರಿಸಿದ್ರೆ ಪೆಮಿಕನ್, ತಿಂಗಳುಗಟ್ಟಲೆ ಹಾಳಾಗುದಿಲ್ಲ. ಇಷ್ಟು ಸಾವಿರ ವರ್ಷ ಬೇಟೆಯಾಡಿದ್ರೂ ಮುಗಿಯದ ಮಂದೆ ಬಂದೂಕು, ತೊಗಲಿನ ವ್ಯಾಪಾರ ಬಂದ ಮೇಲೆ 1880ರ ದಶಕಕ್ಕೆ ಹೆಚ್ಚುಕಡಿಮೆ ಖಾಲಿ.

ಮ್ಯೂಸಿಯಂ 1987ರದ್ದು, ಗುಡ್ಡದೊಳಗೇ ಹುಗಿದ ಹಾಗೆ ಕಟ್ಟಿದ್ದಾರೆ. ಲಿಫ್ಟಲ್ಲಿ ಮೇಲೆ ಹೋಗಿ ಒಂದೊಂದೇ ಮಾಳಿಗೆ ಇಳಿದು ಬನ್ನಿ, ಮೊಣಕಾಲು ನೋವಿನವರಿಗೂ ಸುಲಭ.

ನಾವು ಹೋದ ಟೂರ್ ವ್ಯಾನಿನವ ಒಂದೇ ಗಂಟೆ ಕೊಟ್ಟದ್ದು, ಕೆಳಗಿನ ದಾರಿ ನಡೆಯಲಿಕ್ಕೇ ಆಗ್ಲಿಲ್ಲ. ಮಕ್ಕಳ ಕಾರಲ್ಲೇ ಹೋಗಿ, ಅರ್ಧ ದಿನ ಬೇಕು. ಸಸ್ಯಾಹಾರಿಗಳು ಬುತ್ತಿ ಕಟ್ಕೊಳ್ಳಿ. ಮೇಲೆ ಗಾಳಿ ಅಂದ್ರೆ ಗಾಳಿ, ಸೀರೆ ಉಟ್ಟು ಹೋಗ್ಬೇಡಿ.