ಮೂರು ಮಳೆಗಾಲ ಕಂಡ ಕೋರಾ ಪರದೆಗಳು

ಮುಂಬೈನ ಮಾಟುಂಗಾದ ಒಂದು ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಮನೆ. ಹಾಲ್‌ನಲ್ಲಿ ಒಂದು ದಿವಾನ, ಒಂದು ಪುಸ್ತಕದ ಕಪಾಟು, ನೆಲಕ್ಕೆ ಚಾಪೆ. ಅಷ್ಟೇ. ಸಾಮಾನು ಕಡಿಮೆ ಇದ್ದಷ್ಟೂ ಬಂದವರ ಕಣ್ಣು ಮೊದಲು ಕಿಟಕಿಗೆ ಹೋಗುತ್ತದೆ. ಹಾಗಾಗಿ ಪರದೆಯ ವಿಷಯದಲ್ಲಿ ನಾನು ಸುಮಾರು ತಲೆ ಕೆಡಿಸಿಕೊಂಡಿದ್ದೇನೆ. ಈಗಿರುವ ಕೋರಾ, ಅಂದರೆ ಬಣ್ಣ ಹಾಕದ ಹತ್ತಿಯ ಪರದೆಗಳಿಗೆ ಮೂರು ವರ್ಷ ತುಂಬಿತು. ಇನ್ನು ಧೈರ್ಯವಾಗಿ ಬರೆಯಬಹುದು ಅನ್ನಿಸಿತು.

ಇದಕ್ಕೂ ಮೊದಲು ಆನ್‌ಲೈನ್‌ನಲ್ಲಿ ರೆಡಿಮೇಡ್ ಕಾಟನ್ ಕರ್ಟನ್ ತರಿಸಿದ್ದೆ. 7 ಅಡಿ ಉದ್ದ, ತಿಳಿ ಬೂದು ಬಣ್ಣ. ಮೊದಲ ಸಲ ಒಗೆದಾಗಲೇ ಮೂರು ಇಂಚಿಗಿಂತ ಜಾಸ್ತಿ ಗಿಡ್ಡವಾದವು. ಅಂಚಿಗೂ ನೆಲಕ್ಕೂ ನಡುವೆ ನಾಲ್ಕು ಬೆರಳು ಜಾಗ! ನೋಡಿದಾಗಲೆಲ್ಲ ಬೇಜಾರಾಗುತ್ತಿತ್ತು. ನಮ್ಮ ಕಿಟಕಿಗೆ ಪಡುವಣ ಬಿಸಿಲು. ಒಂದೇ ವರ್ಷದಲ್ಲಿ ನಿರಿಗೆಯ ಉಬ್ಬಿದ ಭಾಗ ಮಾಸಿತು, ಒಳಗಿನ ಭಾಗ ಹಾಗೇ ಉಳಿಯಿತು. ಬಿಡಿಸಿ ನೋಡಿದರೆ ಉದ್ದುದ್ದ ಪಟ್ಟೆ.

ಆಮೇಲೆ ಬಟ್ಟೆ ಅಂಗಡಿಗಳ ಮಂಗಲದಾಸ್ ಮಾರ್ಕೆಟ್‌ಗೆ ಹೋದೆ. ಅದು ಕ್ರಾಫರ್ಡ್ ಮಾರ್ಕೆಟ್ ಪಕ್ಕದಲ್ಲೇ ಇದೆ. ಬಣ್ಣ ಹಾಕದ, ಬಿಳುಪು ಮಾಡದ ಹತ್ತಿ ಬಟ್ಟೆ ಬೇಕೆಂದರೆ ಅಂಗಡಿಯವರು 'ಕೋರಾ' ಎನ್ನುತ್ತಾರೆ. ಅದರಲ್ಲೇ ಒರಟಾದದ್ದು ಮರಾಠಿಯವರ ಬಾಯಲ್ಲಿ ಮಾಂಜರಪಾಟ. ನಾನು ಆರಿಸಿದ್ದು ಎರಡರ ನಡುವಿನದು. ಅಲ್ಲಲ್ಲಿ ಹತ್ತಿಬೀಜದ ಕಂದು ಚುಕ್ಕೆ ಇತ್ತು. ನನಗೆ ಅದೇ ಇಷ್ಟವಾಯಿತು. ಬಟ್ಟೆಯ ಸುರುಳಿಯ ಒಂದು ತುದಿ ಎತ್ತಿ ಬೆಳಕಿಗೆ ಹಿಡಿದೆ. ಆಚೆ ನಿಂತವರ ಆಕಾರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಹಾಲ್‌ಗೆ ಅಷ್ಟು ದಪ್ಪ ಸಾಕು. ಆಮೇಲೆ ಮುಷ್ಟಿಯಲ್ಲಿ ಹಿಂಡಿ ಬಿಟ್ಟೆ. ತೀರಾ ಗರಿಗರಿಯಾಗಿದ್ದರೆ ಅದು ಗಂಜಿಯ ಬಿಗುವು. ಒಗೆದ ಮೇಲೆ ಬಟ್ಟೆ ಜಾಳಾಗುತ್ತದೆ.

ಅಳತೆ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾಗಲಿ. ಕಿಟಕಿಯ ಅಗಲ 48 ಇಂಚು. ರಾಡನ್ನು ಎರಡೂ ಕಡೆ ಆರಾರು ಇಂಚು ಆಚೆ ಬಿಟ್ಟೆ, ಒಟ್ಟು 60. ಪರದೆ ಸರಿಸಿದರೆ ಗೋಡೆಯ ಮೇಲೆ ನಿಲ್ಲುತ್ತದೆ, ಕಿಟಕಿ ಪೂರ್ತಿ ತೆರೆಯುತ್ತದೆ. ಬಟ್ಟೆಯ ಪನ್ನ, ಅಂದರೆ ಅಗಲ, 54 ಇಂಚು. ಎರಡು ಪನ್ನಕ್ಕೆ 108, ಅಂದರೆ ರಾಡಿನ ಸುಮಾರು 1.8 ಪಟ್ಟು. ಇದಕ್ಕಿಂತ ಕಡಿಮೆ ಆದರೆ ನಿರಿಗೆ ಬೀಳದೆ ಬೆಡ್‌ಶೀಟ್ ನೇತುಹಾಕಿದ ಹಾಗೆ ಕಾಣುತ್ತದೆ. ರಾಡ್‌ನಿಂದ ನೆಲಕ್ಕೆ 90 ಇಂಚು. ಮೇಲೆ ಕೆಳಗೆ ಮಡಚಲು 12 ಇಂಚು, ಕುಗ್ಗುವುದಕ್ಕೆ 5 ಇಂಚು. ಒಂದು ಪರದೆಗೆ 3 ಮೀಟರ್ ತಂದೆ.

ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ಎರಡು ಸಲ ಒಗೆದು ಒಣಗಿಸಿದೆ. ದಯವಿಟ್ಟು ಇದೊಂದನ್ನು ಬಿಡಬೇಡಿ. ಮಗ್ಗದಲ್ಲಿ ನೂಲನ್ನು ಎಳೆದು ಬಿಗಿಯಾಗಿ ಇಟ್ಟು ನೇಯುತ್ತಾರೆ. ನೀರು ಬಿದ್ದಾಗ ಆ ಬಿಗಿ ಸಡಿಲವಾಗಿ ಬಟ್ಟೆ ಕುಗ್ಗುತ್ತದೆ. ನನ್ನ 3 ಮೀಟರ್ ತುಂಡುಗಳು ಐದೂವರೆ ಇಂಚಿನಷ್ಟು ಕುಗ್ಗಿದವು. ಹೊಲಿದ ಮೇಲೆ ಇಷ್ಟು ಕುಗ್ಗಿದ್ದರೆ ಹಳೇ ಕಥೆಯೇ ಆಗುತ್ತಿತ್ತು, ಅಲ್ವಾ? ಟೈಲರ್ ಸುಮ್ನೆ ಯಾಕೆ ಎರಡೆರಡು ಸಲ ಒಗೆದಿರಿ ಅಂದರು. ಮೂರು ವರ್ಷದಲ್ಲಿ ಆಮೇಲೆ ಅರ್ಧ ಇಂಚೂ ಕಡಿಮೆಯಾಗಿಲ್ಲ.

ಗೋಡೆ ಕೆನೆಬಣ್ಣದ್ದು, ಪರದೆಯೂ ಹೆಚ್ಚುಕಡಿಮೆ ಅದೇ. ಹಾಗಾಗಿ ಗೋಡೆಯೇ ಮೆತ್ತಗಾಗಿ ಕೆಳಗೆ ಇಳಿದ ಹಾಗೆ ಕಾಣುತ್ತದೆ. ಗೊಂಡೆ, ಲೇಸು, ಹಿಂದಕ್ಕೆ ಕಟ್ಟುವ ಹಗ್ಗ ಯಾವುದೂ ಇಲ್ಲ. ಅಂಚು ನೆಲದಿಂದ ಅರ್ಧ ಇಂಚು ಮೇಲಿದೆ. ನೆಲದ ಮೇಲೆ ಹರಡುವ ಪರದೆ ಫೋಟೋದಲ್ಲಿ ಚೆಂದ, ದಿನಾ ನೆಲ ಒರೆಸುವ ಮನೆಗೆ ಆಗದು. ಸಂಜೆ ಐದರ ಹೊತ್ತಿಗೆ ಬಿಸಿಲು ಇದರೊಳಗಿಂದ ಬಂದು ಇಡೀ ಹಾಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ಅರ್ಧ ಗಂಟೆ ನಾನು ಮನೆಯಲ್ಲಿದ್ದರೆ ಲೈಟ್ ಹಾಕುವುದೇ ಇಲ್ಲ. ಅಡುಗೆಮನೆಗೆ ಅಮ್ಮನ ಹಳೇ ಉಡುಪಿ ಸೀರೆ ಕತ್ತರಿಸಿ ಅರ್ಧ ಪರದೆ ಮಾಡಿದ್ದೇನೆ. ಇಡೀ ಮನೆಯಲ್ಲಿ ಬಣ್ಣದ ಅಂಚು ಇರುವುದು ಅಲ್ಲೊಂದೇ.

ಕಷ್ಟವೂ ಇದೆ. ಮೊದಲ ಜುಲೈನಲ್ಲಿ ಕಿಟಕಿ ಬದಿಯ ಅಂಚಿಗೆ ಬೂಷ್ಟು ಹಿಡಿದು ಸಣ್ಣ ಕಪ್ಪು ಚುಕ್ಕೆಗಳಾದವು. ಹತ್ತಿ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ಆ ತೇವ ಹೋಗುವುದೇ ಇಲ್ಲ. ಆಕ್ಸಿಜನ್ ಬ್ಲೀಚ್ (ಕ್ಲೋರಿನ್ ಇಲ್ಲದ ಬ್ಲೀಚ್) ಹಾಕಿದ ಬಿಸಿನೀರಲ್ಲಿ ನೆನೆಸಿದ ಮೇಲೆ ಮುಕ್ಕಾಲು ಪಾಲು ಹೋಯಿತು, ಕಾಲು ಪಾಲು ಈಗಲೂ ಇದೆ. ಅಲ್ಲಿಂದೀಚೆ ಜೂನ್ ಬಂತೆಂದರೆ ಪರದೆಯ ಕೆಳಭಾಗ ಎತ್ತಿ ಸಡಿಲವಾಗಿ ಗಂಟು ಹಾಕುತ್ತೇನೆ, ಸಂಜೆ ಫ್ಯಾನ್ ಗಾಳಿ ತಾಗುವಂತೆ ಬಿಡುತ್ತೇನೆ. ಮತ್ತೆ ಹಾಗಾಗಿಲ್ಲ. ಹಳೇ ಕಬ್ಬಿಣದ ರಾಡ್ ಕೂಡ ಬಟ್ಟೆಗೆ ತುಕ್ಕಿನ ಕಲೆ ಮಾಡಿತ್ತು. ಅದಕ್ಕೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಲ್ಲಿಟ್ಟೆ, ಬಹಳ ಮಟ್ಟಿಗೆ ಹೋಯಿತು. ಈಗ ಮರದ ರಾಡ್.

ಒಗೆಯುವುದು ವರ್ಷಕ್ಕೆ ಎರಡು ಸಲ. ಮಳೆಗೆ ಮುಂಚೆ ಮೇನಲ್ಲಿ, ಆಮೇಲೆ ಅಕ್ಟೋಬರಿನ ಸುಡು ಬಿಸಿಲಲ್ಲಿ. ಚೆನ್ನಾಗಿ ಹಿಂಡಿ, ಇನ್ನೂ ಹಸಿ ಇರುವಾಗಲೇ ರಾಡಿಗೆ ಏರಿಸಿ ಕೈಯಿಂದ ನಿರಿಗೆ ಸರಿಮಾಡುತ್ತೇನೆ. ನೀರಿನ ಭಾರಕ್ಕೆ ಸುಕ್ಕು ತಾನೇ ಬಿಡುತ್ತದೆ, ಇಸ್ತ್ರಿ ಬೇಡ. ಒಗೆದಷ್ಟೂ ಮೆತ್ತಗಾಗಿದೆ, ಬಣ್ಣ ಸ್ವಲ್ಪ ಬಿಳಿಯಾಗಿದೆ. ಬಣ್ಣವೇ ಹಾಕದ ಬಟ್ಟೆಗೆ ಪಟ್ಟೆಪಟ್ಟೆಯಾಗಿ ಮಾಸುವ ಭಯವೂ ಕಡಿಮೆ.

ಮಲಗುವ ಕೋಣೆಗೆ ಮಾತ್ರ ಇದು ಸಾಲದು. ಬೀದಿದೀಪದ ಬೆಳಕು ನೇರ ಒಳಗೆ ಬರುತ್ತದೆ. ಪರದೆಯ ಹಿಂಬದಿಗೆ ಅದೇ ಬಟ್ಟೆಯ ಇನ್ನೊಂದು ಪದರ ಹಾಕಿಸಿ ನೋಡಿದೆ, ಕತ್ತಲಾಗಲಿಲ್ಲ. ಈ ಸಲ ಅಕ್ಟೋಬರಿನಲ್ಲಿ ಆ ಪದರ ಬಿಚ್ಚಿ, ಕಡುನೀಲಿ ದಪ್ಪ ಹತ್ತಿ ಬಟ್ಟೆ ಹಾಕಿಸುವವಳಿದ್ದೇನೆ. 6 ಮೀಟರ್ ತಂದು ಒಂದು ಸಲ ಒಗೆದಾಗಿದೆ, ಇನ್ನೊಂದು ಸಲ ಬಾಕಿ.